ಹೊಲದ ಕೆಲಸಕ್ಕೆಂದು ಮಾರಿದ ಎಟಿವಿಗೆ, ಹೊಲಕ್ಕಿಳಿಸಿದ್ದೇ ತಪ್ಪೆಂದು ವಾರಂಟಿ ನಿರಾಕರಿಸಿದ ಕುರಿತು ದೂರು

ಇವರಿಂದ:
ಒಬ್ಬ ರೈತ ಗ್ರಾಹಕ,
ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು,
ಎಟಿವಿ ಮಾರಾಟ ಮತ್ತು ಸರ್ವಿಸ್ ವಿಭಾಗ, ಹುಬ್ಬಳ್ಳಿ

ಪ್ರತಿ: ತಯಾರಕ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರಿಗೆ

ಮಾನ್ಯರೇ,

ಈ ಯುಗಾದಿಗೆ ನಿಮ್ಮಲ್ಲಿ ಕೊಂಡ ಫೋರ್ ವೀಲ್ ಡ್ರೈವ್ ಎಟಿವಿ, ಅಂದರೆ ನಾಲ್ಕೂ ಗಾಲಿಗೆ ಎಳೆತ ಇರುವ ಅಗಲ ಟಯರಿನ ಸಣ್ಣ ಗಾಡಿ, ಈಗ ನಮ್ಮ ದನದ ಕೊಟ್ಟಿಗೆಯ ಮಗ್ಗುಲಿಗೆ ತಾಡಪತ್ರಿ ಹೊದ್ದು ನಿಂತಿದೆ. ಮುಂದಿನ ಗಾಲಿಗಳಿಗೆ ಎಳೆತ ಇಲ್ಲ, ಬೆಲ್ಟ್ ಸುಟ್ಟಿದೆ. ಎರಡೂ ವಾರಂಟಿಯಲ್ಲಿ ಬರುವುದಿಲ್ಲ ಎಂದು ನಿಮ್ಮ ಸರ್ವಿಸ್ ವಿಭಾಗ ಜಾಬ್ ಕಾರ್ಡಿನಲ್ಲಿ (ದುರಸ್ತಿಯ ವಿವರ ಬರೆಯುವ ಚೀಟಿಯಲ್ಲಿ) ಬರೆದುಕೊಟ್ಟಿದೆ. ಕಾರಣವೇನೆಂದರೆ, ಗಾಡಿಯನ್ನು ಹಸಿ ಹೊಲದಲ್ಲಿ ಕೃಷಿ ಕೆಲಸಕ್ಕೆ ಬಳಸಿದ್ದೇನಂತೆ. ನಿಮ್ಮ ಬ್ರೋಷರಿನ ಮೊದಲ ಪುಟದಲ್ಲಿ ಇದೇ ಗಾಡಿ ಕೆಸರಿನಲ್ಲಿ ನಿಂತಿದೆ, ಹಿಂದಿನ ರ‍್ಯಾಕಿನ ಮೇಲೆ ಗೊಬ್ಬರದ ಚೀಲವೂ ಇದೆ. ಬ್ರೋಷರು ನಿಮ್ಮ ಮಾತೋ, ಜಾಬ್ ಕಾರ್ಡು ನಿಮ್ಮ ಮಾತೋ? ಅದನ್ನು ಕೇಳಲು ಈ ಪತ್ರ.

ನಮ್ಮದು ಎರಡು ತರಹದ ಹೊಲ. ಹಳ್ಳದ ದಂಡೆಗೆ ಎರಿ (ಕಪ್ಪು ಮಣ್ಣು), ಕಪ್ಪತಗುಡ್ಡದ ಕಡೆ ಏರುವಲ್ಲಿ ಕಲ್ಲು ಮಸಾರಿ (ಕೆಂಪು ಮಣ್ಣು). ಎರಿಯಲ್ಲಿ ಹತ್ತಿ, ಹಿಂಗಾರಿಗೆ ಕಡಲೆ, ಬಿಳಿಜೋಳ. ಮಸಾರಿಯಲ್ಲಿ ಶೇಂಗಾ, ಉಳ್ಳಾಗಡ್ಡಿ. ಎರಿ ಮಣ್ಣಿನ ಗುಣ ಗೊತ್ತಿಲ್ಲದವರು ಈ ಭಾಗದಲ್ಲಿ ಹೊಲದ ಗಾಡಿ ಮಾರಬಾರದು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಅದೇ ನೆಲ ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಮೆತ್ತಿ ಟಯರಿನ ಕಚ್ಚುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದರಲ್ಲಿ ಬೈಕು ನಾಲ್ಕು ಮಾರು ಹೋಗುವುದಿಲ್ಲ. ಟ್ರ್ಯಾಕ್ಟರ್ ಇಳಿಸಿದರೆ ಅದರ ಭಾರಕ್ಕೆ ಹಸಿ ಮಣ್ಣು ಒತ್ತಿ ಗಟ್ಟಿಯಾಗಿ, ಮುಂದಿನ ಬೆಳೆಯ ಬೇರು ಇಳಿಯದು. ಔಷಧ ಹೊಡೆಯುವ ಪಂಪು, ಪೈಪು, ಮೇವಿನ ಹೊರೆ, ಒಂದೊಂದು ಚೀಲ ಗೊಬ್ಬರ, ಇಂಥ ಚಿಲ್ಲರೆ ಸಾಗಾಟಕ್ಕೆ ಅಗಲ ಟಯರಿನ ಹಗುರ ಗಾಡಿ ಬೇಕಿತ್ತು. ಮೋಜಿಗಲ್ಲ.

ಕೊಳ್ಳುವ ಮೊದಲು ಧಾರವಾಡದ ಕೃಷಿ ಮೇಳದಲ್ಲಿ ನಿಮ್ಮ ಮಳಿಗೆಗೆ ಬಂದು ಮೂರು ವಿಷಯ ಕೇಳಿದ್ದೆ. ಲೋ ಗೇರ್ ಇದೆಯೇ? ನಾಲ್ಕೂ ಗಾಲಿಗೆ ನಿಜವಾಗಿ ಎಳೆತ ಬರುತ್ತದೆಯೇ? ಮುಂದಿನ ಡಿಫರೆನ್ಷಿಯಲ್, ಅಂದರೆ ಎರಡು ಗಾಲಿಗೆ ಶಕ್ತಿ ಹಂಚುವ ಗೇರು, ಲಾಕ್ ಆಗಿ ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆಯೇ? ಮೂರನೆಯದನ್ನು ಒತ್ತಿ ಕೇಳಿದೆ. ಲಾಕ್ ಇಲ್ಲದಿದ್ದರೆ ಫೋರ್ ವೀಲ್ ಡ್ರೈವ್ ಎನ್ನುವುದು ಅರ್ಧ ಮಾತು. ಒಂದು ಗಾಲಿ ಕೆಸರಿನಲ್ಲಿ ಜಾರಿ ಗರಗರ ತಿರುಗತೊಡಗಿದರೆ ಶಕ್ತಿಯೆಲ್ಲ ಆ ಗಾಲಿಯಲ್ಲೇ ಪೋಲಾಗುತ್ತದೆ, ಗಟ್ಟಿ ನೆಲದ ಮೇಲಿರುವ ಅದರ ಜೋಡಿ ಸುಮ್ಮನೆ ನಿಂತಿರುತ್ತದೆ. ನಿಮ್ಮ ಸೇಲ್ಸ್ ಹುಡುಗ ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ: "ಸರ್, ಬಟನ್ ಒತ್ತಿದ್ರ ನಾಕೂ ಗಾಲಿ ಜಗ್ಗತಾವ್ರಿ. ಎರಿ ಹೊಲ ಇರ್ಲಿ, ಹಳ್ಳ ಇರ್ಲಿ, ಚಿಂತಿ ಮಾಡಬ್ಯಾಡ್ರಿ." ಆಮೇಲೆ ಓಡಿಸಿ ತೋರಿಸಿದ್ದು ಒಣ ಬಯಲಿನಲ್ಲಿ. ಒಣ ನೆಲಕ್ಕೆ ಹಿಂದಿನ ಎರಡು ಗಾಲಿಯ ಎಳೆತವೇ ಸಾಕು. ಮುಂದಿನವು ಜಗ್ಗುತ್ತಿವೆಯೋ, ಬರೀ ಉರುಳುತ್ತಿವೆಯೋ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಒಂದು ಕೊಡ ನೀರು ಸುರಿದು ಕೆಸರು ಮಾಡಿ ತೋರಿಸಲು ಎಷ್ಟು ಹೊತ್ತು ಬೇಕಿತ್ತು?

ಬೇಸಿಗೆಯಿಡೀ ಗಾಡಿ ಚೆನ್ನಾಗಿಯೇ ಓಡಿತು. ಮಸಾರಿಯ ಏರಿನಲ್ಲಿ ಪೈಪು ಹೊತ್ತು ಹೋಗಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ಹುಬ್ಬಿ ಮಳೆ ಹಿಡಿದ ಮೇಲೆ ಅದರ ಬಣ್ಣ ಬಯಲಾಯಿತು. ಹತ್ತಿ ಹೊಲಕ್ಕೆ ಮೇಲುಗೊಬ್ಬರ ಒಯ್ಯುವಾಗ ಹಿಂದಿನ ರ‍್ಯಾಕಿನ ಮೇಲಿದ್ದದ್ದು 45 ಕೆ.ಜಿ.ಯ ಒಂದೇ ಒಂದು ಯೂರಿಯಾ ಚೀಲ. ಆ ರ‍್ಯಾಕಿಗೆ 80 ಕೆ.ಜಿ. ಹೇರಬಹುದು ಎಂಬ ಸ್ಟಿಕ್ಕರ್ ನೀವೇ ಅಂಟಿಸಿದ್ದು. ಲೋ ಗೇರ್ ಹಾಕಿತ್ತು, ಬಟನ್ ಒತ್ತಿತ್ತು, ಮೀಟರಿನಲ್ಲಿ ಫೋರ್ ವೀಲ್ ದೀಪವೂ ಉರಿಯುತ್ತಿತ್ತು. ಹಿಂದಿನ ಗಾಲಿಗಳು ಅಚ್ಚಿನವರೆಗೆ ಇಳಿದು ಕೂತವು. ಮುಂದಿನವು ಒಂದು ಸುತ್ತೂ ತಿರುಗಲಿಲ್ಲ. ಮಗ್ಗುಲ ಹೊಲದವರು ಎತ್ತು ಕಟ್ಟಿ ಎಳೆದರು. ಊರಿನಲ್ಲಿ ಆಮೇಲೆ ಕೇಳಬೇಕಾಗಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ತಂದು ನಾಲ್ಕೂ ಗಾಲಿ ನೆಲ ಬಿಡುವಂತೆ ಎತ್ತಿ ನಿಲ್ಲಿಸಿದೆವು. ಗೇರ್ ಹಾಕಿ ಬಟನ್ ಒತ್ತಿದರೆ ಹಿಂದಿನವು ತಿರುಗಿದವು, ಮುಂದಿನವು ಇಲ್ಲ. ದೀಪ ಮಾತ್ರ ಉರಿಯುತ್ತಲೇ ಇತ್ತು. ಲಕ್ಷ್ಮೇಶ್ವರದ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರು. ಮುಂದಿನ ಡಿಫರೆನ್ಷಿಯಲ್‌ಗೆ ಹೋಗುವ ಪ್ಲಗ್ಗಿಗೆ ಕರೆಂಟೇ ಬರುತ್ತಿರಲಿಲ್ಲ. ಪ್ಲಗ್ ಕಳಚಿ, ನೋಡಿ, ಹಾಗೆಯೇ ಸೇರಿಸಿದ್ದಷ್ಟೇ. ಒಂದು ನಟ್ಟೂ ಬಿಚ್ಚಿಲ್ಲ. ಎಲ್ಲವೂ ವಿಡಿಯೋದಲ್ಲಿದೆ. ಆದರೂ ಜಾಬ್ ಕಾರ್ಡಿನಲ್ಲಿ "ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದಾರೆ" ಎಂಬ ಇನ್ನೊಂದು ಸಾಲು ಸೇರಿಕೊಂಡಿದೆ.

ಬೆಲ್ಟಿನ ವಿಷಯದಲ್ಲಿ ನಿಮ್ಮ ಇಂಜಿನಿಯರ್ ಹೆಚ್ಚು ಭಾರ ಹೇರಿದ್ದರಿಂದ ಸುಟ್ಟಿತು ಎನ್ನುತ್ತಾರೆ. ಈ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಗಾಲಿಗೆ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ. ಗಾಡಿ ಹೂತು ಗಾಲಿ ಕದಲದೆ ನಿಂತಾಗ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಕಾಯುತ್ತದೆ, ಸುಡುತ್ತದೆ. ಹೂತದ್ದೇಕೆ? ಮುಂದಿನ ಗಾಲಿ ಎಳೆಯಲಿಲ್ಲವಾದ್ದರಿಂದ. ಮೊದಲು ಕೆಟ್ಟದ್ದು ನಿಮ್ಮ ವೈರಿಂಗು, ಅದರ ಹಿಂದೆ ಬೆಲ್ಟ್ ಹೋಯಿತು. ದುರಸ್ತಿಗೆ ನೀವು ಕೊಟ್ಟ ಅಂದಾಜು ಪಟ್ಟಿಯ ಹಣಕ್ಕೆ ಒಂದು ಹೋರಿ ಬರುತ್ತದೆ, ಅದಕ್ಕೆ ಬೆಲ್ಟೂ ಬೇಡ, ಬಟನ್ನೂ ಬೇಡ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಮೊದಲ ಸರ್ವಿಸ್ ಮುಗಿಸಿ ಗಾಡಿ ಕೊಟ್ಟಾಗ ಟಯರುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ನಿಮ್ಮ ಹುಡುಗ ಬೈಕಿನ ಲೆಕ್ಕದಲ್ಲಿ 25 ಪಿಎಸ್‌ಐ ಗಾಳಿ ತುಂಬಿದ್ದ. ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಇರುವುದು 5 ಪಿಎಸ್‌ಐ. ಎಟಿವಿಯ ಟಯರು ಮೆತ್ತಗಿದ್ದು ಅಗಲವಾಗಿ ಹರಡಿಕೊಂಡರೆ ತಾನೇ ಹಸಿ ಮಣ್ಣಿನ ಮೇಲೆ ತೇಲುತ್ತದೆ? ನಾನೇ ಗಾಳಿ ಇಳಿಸಿಕೊಂಡೆ. ಆ ಸ್ಟಿಕ್ಕರನ್ನು ಓದದ ಕೈಗಳು ನನ್ನ ಓಡಿಸುವಿಕೆಯಲ್ಲಿ ದೋಷ ಹುಡುಕುತ್ತಿರುವುದು ನನಗೆ ನುಂಗಲಾರದ ತುತ್ತಾಗಿದೆ.

ನೋಂದಣಿಯ ಬಗ್ಗೆಯೂ ಬರಹದಲ್ಲಿ ಉತ್ತರ ಬೇಕು. ಮಾರುವಾಗ ಆರ್‌ಟಿಒ ತಂಟೆಯೇ ಇಲ್ಲ ಎಂದಿರಿ. ಮನೆಯಿಂದ ಎರಿ ಹೊಲಕ್ಕೆ ಹೋಗಲು ನಾನು ಡಾಂಬರು ರಸ್ತೆ ದಾಟಲೇಬೇಕು ಎಂದು ಆಗಲೇ ಹೇಳಿದ್ದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಾಗದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಈಗ ನೋಂದಣಿಗೆ ಬೇಕಾದ ಫಾರಂ 21 (ಮಾರಾಟದ ಪ್ರಮಾಣಪತ್ರ), ಫಾರಂ 22 (ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ಕೇಳಿದರೆ ಇದು ಆಫ್ ರೋಡ್ ಗಾಡಿ, ಕೊಡಲು ಬರುವುದಿಲ್ಲ ಎನ್ನುತ್ತೀರಿ. ಹಾಗಾದರೆ ರಸ್ತೆ ದಾಟುವಾಗ ಅಪಘಾತವಾದರೆ ಹೊಣೆ ಯಾರದು? ರಸ್ತೆಗೆ ಬಾರದು, ಹಸಿ ಹೊಲಕ್ಕೂ ಬಾರದು ಎಂದಾದರೆ ಇದನ್ನು ಎಲ್ಲಿ ಓಡಿಸಬೇಕೆಂದು ನೀವೇ ಹೇಳಿ.

ಮುಂದಿನ ಗಾಲಿಯ ಎಳೆತದ ವೈರಿಂಗು ಮತ್ತು ಅದಕ್ಕೆ ಸಂಬಂಧಿಸಿದ ಭಾಗಗಳನ್ನು, ಬೆಲ್ಟನ್ನು, ಬೆಲ್ಟಿನ ಕಾವಿಗೆ ಹಾಳಾಗಿದ್ದರೆ ಪುಲ್ಲಿಗಳನ್ನೂ ವಾರಂಟಿಯಲ್ಲಿ ಬದಲಿಸಿಕೊಡಿ. ದುರಸ್ತಿಯಾದ ಮೇಲೆ ನನ್ನ ಎರಿ ಹೊಲದಲ್ಲೇ, ಹಸಿ ಇರುವಾಗಲೇ, ಒಂದು ಚೀಲ ಹೇರಿ ಓಡಿಸಿ ತೋರಿಸಬೇಕು. ನಿಮ್ಮ ಬಯಲಿನ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಅದು ಆಗದ ಮಾತಾದರೆ ಗಾಡಿ ವಾಪಸ್ ತೆಗೆದುಕೊಂಡು ಹಣ ಕೊಡಿ. ಕೃಷಿ ಕೆಲಸ ದುರ್ಬಳಕೆ ಎಂದು ಬರೆದ ಸಾಲನ್ನು ಎರಡರಲ್ಲಿ ಏನೇ ಆದರೂ ಜಾಬ್ ಕಾರ್ಡಿನಿಂದ ತೆಗೆಯಬೇಕು.

ಈ ಪತ್ರ ಮುಟ್ಟಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ನಂತರ ಗದಗಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಗಾಡಿ ಕೊಂಡದ್ದು ದುಡಿಮೆಗೆ, ಆದ್ದರಿಂದ ನಾನು ಗ್ರಾಹಕನೇ ಅಲ್ಲ ಎಂದು ನಿಮ್ಮ ವಕೀಲರು ಹೇಳಬಹುದು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ತಾನೇ ಬಳಸುವುದಕ್ಕಾಗಿ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಅದೇ ಕಾಯ್ದೆಯ ವಿವರಣೆಯಲ್ಲಿದೆ, ಅವರಿಗೆ ತೋರಿಸಿ.

ಬಿಲ್, ವಾರಂಟಿ ಪುಸ್ತಿಕೆ, ಜಾಬ್ ಕಾರ್ಡಿನ ನಕಲು, ಬ್ರೋಷರಿನ ಮೊದಲ ಪುಟ ಮತ್ತು ವಿಡಿಯೋ ಇರುವ ಪೆನ್ ಡ್ರೈವ್ ಲಗತ್ತಿಸಿದ್ದೇನೆ.

ಗಾಡಿ ಒಯ್ಯಲು ಲಾರಿ ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ. ಹಳ್ಳದ ಬಂಡಿ ದಾರಿಯಲ್ಲಿ ಬರಬೇಡಿ, ಊರು ಸುತ್ತಿಕೊಂಡು ಡಾಂಬರು ರಸ್ತೆಯಲ್ಲೇ ಬನ್ನಿ. ಚಿತ್ತಿ ಮಳೆ ಇನ್ನೂ ಬಿಟ್ಟಿಲ್ಲ, ನಿಮ್ಮ ಲಾರಿಗೂ ಎತ್ತು ಕಟ್ಟುವ ಪುರುಸೊತ್ತು ಈಗ ಇಲ್ಲಿ ಯಾರಿಗೂ ಇಲ್ಲ.

ಇಂತಿ,
ನಿಮ್ಮ ಗ್ರಾಹಕ
(ಸಹಿ)