ಕತೆಯ ನಾಯಕಿ ಸುಮ್ನೆ ಕೂದಲು ಕತ್ತರಿಸಿಕೊಳ್ಳಬಾರದಾ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಬಂದ ಕತೆಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ನಾಯಕಿ ನಡುರಾತ್ರಿ ಕನ್ನಡಿ ಮುಂದೆ ನಿಂತು, ಅಳುತ್ತಾ, ಸೊಂಟ ಮುಟ್ಟುವ ಜಡೆಯನ್ನು ಕಚಕ್ಕನೆ ಕತ್ತರಿಸುತ್ತಾಳೆ. ಬೆಳಗಾಗುವಷ್ಟರಲ್ಲಿ ಅವಳ ತಲೆ ಮೇಲೆ ಅಚ್ಚುಕಟ್ಟಾದ ಪಿಕ್ಸಿ ಕಟ್, ಅಂದರೆ ತೀರಾ ಗಿಡ್ಡಗೂದಲು! ಗಂಭೀರವಾದ ಜಾಗ ಅದು, ನನಗೆ ಮಾತ್ರ ನಗು ಬಂತು. ಹನ್ನೊಂದು ವರ್ಷದಿಂದ ಅದೇ ಕಟ್ ಇಟ್ಟುಕೊಂಡವಳು ನಾನು.

ಹೆಣೆದ ಜಡೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ಸಿಗುವುದು ಪಿಕ್ಸಿ ಅಲ್ಲ. ಹಿಂದೆ ಗಿಡ್ಡ, ಮುಂದೆ ಕೆನ್ನೆಗೆ ಜೋತುಬೀಳುವಷ್ಟು ಉದ್ದ, ಎಲ್ಲ ಓರೆಕೋರೆ. ಪಿಕ್ಸಿಯ ಲೆಕ್ಕವೇ ಬೇರೆ. ಕಿವಿ ಸುತ್ತ ಮತ್ತು ಕತ್ತಿನ ಹಿಂದೆ ತೀರಾ ಗಿಡ್ಡ ಇರಬೇಕು, ನೆತ್ತಿ ಮೇಲೆ ಸ್ವಲ್ಪ ಜಾಸ್ತಿ, ಹಣೆ ಮೇಲೆ ಬೀಳುವುದು ಇನ್ನೊಂದಿಷ್ಟು. ಕೂದಲನ್ನು ಸ್ವಲ್ಪ ಸ್ವಲ್ಪವೇ ಬೆರಳ ಸಂದಿಯಲ್ಲಿ ಹಿಡಿದು ಕತ್ತರಿಸುತ್ತಾ ಹೋಗಬೇಕು. ನನ್ನ ಕತ್ತಿನ ಹಿಂದೆ ಎಡಗಡೆ ಒಂದು ಸುಳಿ ಇದೆ. ಅದು ನನಗೆ ಗೊತ್ತಾಗಿದ್ದೇ ನಲವತ್ತೊಂದನೇ ವಯಸ್ಸಿನಲ್ಲಿ, ಮೊದಲ ಸಲ ಹೀಗೆ ಕತ್ತರಿಸಿಕೊಂಡಾಗ. ಅಲ್ಲಿ ಜಾಸ್ತಿ ಗಿಡ್ಡ ಮಾಡಿದರೆ ಕೂದಲು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಜಡೆಯ ಕಾಲದಲ್ಲಿ ಆ ಸುಳಿ ಎಲ್ಲಿ ಅಡಗಿ ಕೂತಿತ್ತೋ!

ಇನ್ನು ಬೆಳೆಯುವ ಮಾತು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಉದ್ದ ಜಡೆಗೆ ಅದು ಲೆಕ್ಕಕ್ಕೇ ಇಲ್ಲ. 3 ಸೆಂಟಿಮೀಟರ್ ಕೂದಲಿಗೆ ಮಾತ್ರ ಅದು ಆಕಾರವನ್ನೇ ಕೆಡಿಸುತ್ತದೆ. ಐದಾರು ವಾರಕ್ಕೊಮ್ಮೆ ಹೋಗಿ ಕೂರಲೇಬೇಕು. ಕತೆಗಳಲ್ಲಿ ಒಂದು ವರ್ಷ ಕಳೆದರೂ ನಾಯಕಿಯ ಕಿವಿ ಮೇಲೆ ಒಂದೆಳೆಯೂ ಬೆಳೆಯುವುದಿಲ್ಲ!

ಒಂದು ಕಡೆ ನನ್ನ ವಾದಕ್ಕೆ ಪೆಟ್ಟು ಬೀಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ. 1960ರ ದಶಕದಲ್ಲಿ ನಟಿ ಮಿಯಾ ಫ್ಯಾರೋ ಅವರ ಗಿಡ್ಡಗೂದಲು ತುಂಬಾ ಹೆಸರು ಮಾಡಿತ್ತು. ಅದು ಹೆಸರಾಂತ ಕೇಶವಿನ್ಯಾಸಕ ವಿಡಾಲ್ ಸಸೂನ್ ಅವರ ಕೈಚಳಕ ಅಂತಲೇ ಎಷ್ಟೋ ಜನ ನಂಬಿದ್ದರು. ಕೊನೆಗೆ 2013ರಲ್ಲಿ ಫ್ಯಾರೋ ಪತ್ರಿಕೆಗೆ ಪತ್ರ ಬರೆದು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ನಾನೇ ಕತ್ತರಿಸಿಕೊಂಡಿದ್ದು ಅಂದರು. ನೋಡಿ, ಕೂದಲ ವಿಷಯಕ್ಕೆ ಸಂಪಾದಕರಿಗೆ ಪತ್ರ ಬರೆದವಳು ನಾನೊಬ್ಬಳೇ ಅಲ್ಲ.

ನನ್ನ ನಿಜವಾದ ತಕರಾರು ಕತ್ತರಿಯದ್ದಲ್ಲ, ಕಾರಣದ್ದು. ಕತೆಯಲ್ಲಿ ಹೆಣ್ಣಿನ ಕೂದಲು ಗಿಡ್ಡ ಆಗಬೇಕಾದರೆ ಏನಾದರೂ ಆಗಿರಲೇಬೇಕು. 1862ರ ಕಾದಂಬರಿ 'ಲೆ ಮಿಸರಾಬ್ಲ್'ನಲ್ಲಿ ಫಾಂಟೀನ್ ಮಗಳಿಗಾಗಿ ಕೂದಲು ಮಾರುತ್ತಾಳೆ. 1868ರ 'ಲಿಟಲ್ ವಿಮೆನ್'ನಲ್ಲಿ ಜೋ 25 ಡಾಲರಿಗೆ ಮಾರುತ್ತಾಳೆ, ಕಾಯಿಲೆ ಬಿದ್ದ ಅಪ್ಪನಿಗಾಗಿ. ಅವೆರಡೂ ನನಗೆ ಇಷ್ಟವೇ, ಬಡತನ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ನೂರೈವತ್ತು ವರ್ಷ ದಾಟಿದರೂ ಕತ್ತರಿ ಅಂದರೆ ತ್ಯಾಗ, ಇಲ್ಲವೇ ವಿಚ್ಛೇದನ, ಇಲ್ಲವೇ ಹುಚ್ಚು. ಓದುಗರಿಗೂ ಅದೇ ಅಭ್ಯಾಸ ಆಗಿಬಿಟ್ಟಿದೆ.

ಹೇಗೆ ಅಂತೀರಾ? ನಾನು ಕತ್ತರಿಸಿಕೊಂಡಿದ್ದು ತಲೆ ಒಣಗಿಸಿ ಒಣಗಿಸಿ ಸಾಕಾಗಿತ್ತು ಅಂತ. ಅಷ್ಟೇ. ಮೊದಲ ವಾರವೇ ನಾಲ್ಕು ಜನ ದನಿ ತಗ್ಗಿಸಿ, "ಆರೋಗ್ಯ ಸರಿ ಇದೆ ತಾನೇ?" ಅಂತ ಕೇಳಿದರು. ಒಬ್ಬರು, "ಮನೆಯಲ್ಲಿ ಏನಾದ್ರೂ ಜಗಳವಾ?" ಅಂದರು. ಮೂರು ವರ್ಷದ ನಂತರ ನನ್ನ ಅಕ್ಕನಿಗೆ ಕೀಮೋ ಆಯಿತು. ಕೂದಲೆಲ್ಲ ಉದುರಿ, ಮತ್ತೆ ಬಂದು, ನನ್ನಷ್ಟೇ ಉದ್ದಕ್ಕೆ ನಿಂತಿತು. ಮೊದಲು ನೇರ ಇದ್ದದ್ದು ಈಗ ಗುಂಗುರು. ಇಬ್ಬರೂ ಒಟ್ಟಿಗೆ ಹೊರಟರೆ ಜನ ಅವಳಿಗೆ, "ತಂಗಿ ನೋಡಿ ಫ್ಯಾಷನ್ ಕಲಿತ್ರಾ?" ಅನ್ನುತ್ತಿದ್ದರು. ಅಕ್ಕ ನಗುತ್ತಿದ್ದಳು. ಕಾಯಿಲೆ ಅಂತ ಮರುಕ ತೋರಿಸುವುದಕ್ಕಿಂತ ಇದೇ ವಾಸಿ ಅಂತ ಅವಳ ಮಾತು. ಈಗ ಎಲ್ಲ ಸರಿಹೋಗಿದೆ, ಬೇಕಾದರೆ ಉದ್ದ ಬಿಡಬಹುದು. ಬಿಟ್ಟಿಲ್ಲ. ಯಾಕೆ ಅಂತ ನಾನೂ ಕೇಳಿಲ್ಲ.

ಕಾರಣ ಕೊಡದ ಒಂದು ಸಿನಿಮಾ ನನಗೆ ನೆನಪಿದೆ. 1960ರ ಫ್ರೆಂಚ್ ಚಿತ್ರ 'ಬ್ರೆತ್‌ಲೆಸ್'. ಅದರಲ್ಲಿ ಜೀನ್ ಸೀಬರ್ಗ್ ಗಿಡ್ಡಗೂದಲಲ್ಲಿ ಪ್ಯಾರಿಸ್ ಬೀದಿಯಲ್ಲಿ ಪೇಪರ್ ಮಾರುತ್ತಾ ಬರುತ್ತಾಳೆ. ಆ ಕೂದಲಿಗೆ ಹಿಂದಿನ ಕತೆ ಏನೂ ಇಲ್ಲ. ಅದಕ್ಕೂ ಮೂರು ವರ್ಷ ಮುಂಚೆ, 1957ರಲ್ಲಿ, ಅದೇ ನಟಿ ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್ ಪಾತ್ರಕ್ಕಾಗಿ ತಲೆಗೂದಲು ತೆಗೆಸಿಕೊಂಡಿದ್ದಳು. 1431ರ ವಿಚಾರಣೆಯಲ್ಲಿ ಜೋನ್ ಮೇಲೆ ಹೊರಿಸಿದ ಆರೋಪಗಳಲ್ಲಿ ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡದ್ದೂ ಒಂದು! ಅಂಥ ಪಾತ್ರ ಮಾಡಿದವಳು ಈ ಚಿತ್ರದಲ್ಲಿ ಆರಾಮಾಗಿ ನಡೆದು ಬರುವುದನ್ನು ನೋಡಿದರೆ ಖುಷಿ ಆಗುತ್ತದೆ.

ನಿಮ್ಮ ಕತೆಗಾರರಲ್ಲಿ ನನ್ನದೊಂದು ಕೋರಿಕೆ. ಒಂದು ಸಲವಾದರೂ ನಾಯಕಿ ಮೊದಲ ಸಾಲಿನಿಂದಲೇ ಗಿಡ್ಡಗೂದಲಿನವಳಾಗಿರಲಿ. ಕತೆ ಅವಳ ಕೆಲಸದ ಬಗ್ಗೆಯೋ, ಕಳೆದುಹೋದ ಬೀಗದ ಕೈ ಬಗ್ಗೆಯೋ ಇರಲಿ. ಭಾನುವಾರದ ಆ ಕತೆಗೆ ಮುಂದಿನ ಭಾಗ ಬರುವುದಾದರೆ, ದಯವಿಟ್ಟು ಆಕೆಯನ್ನು ಮೊದಲು ಯಾರಾದರೂ ಕೈಪಳಗಿದವರ ಹತ್ತಿರ ಕಳಿಸಿ. ಆ ತಲೆಯ ಹಿಂಭಾಗ ಹೇಗಿದೆಯೋ ಅಂತ ನನಗೆ ವಾರದಿಂದ ಚಿಂತೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ