ಅಪ್ಪಾ, ಇನ್ನೊಂದು ಸೆಮಿಸ್ಟರ್ ಇಲ್ಲೇ ಇರಲಾ?

ಸಿಡ್ನಿ
ಡಿಸೆಂಬರ್, ಭಾನುವಾರ ರಾತ್ರಿ

ಅಪ್ಪ, ಅವ್ವ ಇಬ್ಬರಿಗೂ ಶರಣು ಶರಣಾರ್ಥಿ. ಮುತ್ಯಾಗೆ ನನ್ನ ನಮಸ್ಕಾರ ಹೇಳಿ.

ನಾನು ಇಲ್ಲಿ ಆರಾಮ ಇದ್ದೇನೆ. ಕಲಬುರಗಿಯಲ್ಲಿ ಈಗ ಬೆಳಿಗ್ಗೆ ಚಳಿ ಇರಬೇಕು, ಇಲ್ಲಿ ಬೇಸಿಗೆ ಶುರುವಾಗಿದೆ. ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವ "ಊಟ ಆಯ್ತಾ" ಅಂತ ಕೇಳಿ, ಅಪ್ಪ "ರೊಕ್ಕ ಬೇಕಾ" ಅಂತ ಕೇಳುವಷ್ಟರಲ್ಲಿ ನನ್ನ ಕೆಲಸದ ಹೊತ್ತಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಗಂಜಿನ ಮಾರುಕಟ್ಟೆಯಿಂದ ಬಂದ ಮೇಲೆ ತಮ್ಮ ಎಲ್ಲರಿಗೂ ಓದಿ ಹೇಳಲಿ.

ನನ್ನ ಎಂಕಾಂ ಬರುವ ಜೂನ್‌ಗೆ ಮುಗಿಯಬೇಕು. ಅದರ ಜೊತೆಗೆ ಲಾಜಿಸ್ಟಿಕ್ಸ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿಯನ್ನೂ ಸೇರಿಸಿಕೊಂಡು ಓದಬೇಕು ಅಂತ ನನ್ನ ಮನಸ್ಸು. ಕೆಲವು ವಿಷಯ ಎರಡೂ ಪದವಿಗೆ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಒಟ್ಟು ಎರಡು ವರ್ಷಕ್ಕೆ ಎರಡು ಪದವಿ ಆಗುತ್ತದೆ. ನಾನು ಊರಿಗೆ ಬರುವುದು ಆರು ತಿಂಗಳು ಮುಂದಕ್ಕೆ ಹೋಗುತ್ತದೆ. ಜನವರಿಯೊಳಗೆ ಅರ್ಜಿ ಕೊಡಬೇಕು. ನಿಮ್ಮನ್ನು ಕೇಳದೆ ಕೊಟ್ಟಿಲ್ಲ.

ಲಾಜಿಸ್ಟಿಕ್ಸ್ ಅಂದರೆ ಲಾರಿ ವ್ಯವಹಾರನಾ ಅಂತ ಕಾಕಾ ಕೇಳುತ್ತಾರೆ. ಮಾಲನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಮುಟ್ಟಿಸುವ ವಿದ್ಯೆ ಅದು, ಲಾರಿಯೂ ಅದರಲ್ಲಿ ಇದೆ. ಆದರೆ ಅದನ್ನು ನಾನು ಮೊದಲು ನೋಡಿದ್ದು ಲಾರಿಯಲ್ಲಿ ಅಲ್ಲ, ನಿಮ್ಮ ಗಾದಿಯ ಮೇಲೆ.

ಅಪ್ಪಾ, ರಜೆಯಲ್ಲಿ ನಿಮ್ಮ ಬುತ್ತಿ ಹಿಡಿದುಕೊಂಡು ನೆಹರು ಗಂಜಿಗೆ ಬರುತ್ತಿದ್ದೆನಲ್ಲ. ನಿಮ್ಮ ಎದುರು ಯಾವಾಗಲೂ ಎರಡು ಪುಸ್ತಕ ಇರುತ್ತಿದ್ದವು. ಒಂದು ರೊಕ್ಕದ ಲೆಕ್ಕದ ಕಿರ್ದಿ, ಇನ್ನೊಂದು ಚೀಲದ ಲೆಕ್ಕ, ನೀಲಿ ರಟ್ಟಿನದು. ಹಮಾಲರು ಚೀಲ ಇಳಿಸುತ್ತಿದ್ದರು. ಸಾಹುಕಾರರು ಕಬ್ಬಿಣದ ಕೊಳವೆ ಚುಚ್ಚಿ ತೊಗರಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು, "ಇನ್ನಾ ಹಸಿ ಅದ" ಅನ್ನುತ್ತಿದ್ದರು. ನೀವು ಎರಡೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಿರಿ. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡದೆ ಎದ್ದವರೇ ಅಲ್ಲ. ಒಂದು ದಿನ ಎರಡು ಚೀಲ ವ್ಯತ್ಯಾಸ ಬಂತು. ರಾತ್ರಿ ಒಂಬತ್ತಾದರೂ ನೀವು ಕೂತೇ ಇದ್ದಿರಿ. ನಾನು ಬಾರದಾನದ ರಾಶಿಯ ಮೇಲೆ ಮಲಗಿಬಿಟ್ಟಿದ್ದೆ.

ಎಂಕಾಂ ನನಗೆ ಕಿರ್ದಿ ಕಲಿಸುತ್ತಿದೆ. ಚೆನ್ನಾಗಿಯೇ ಕಲಿಸುತ್ತಿದೆ. ನೀಲಿ ಪುಸ್ತಕ ಮಾತ್ರ ಅದರಲ್ಲಿ ಇಲ್ಲ.

ಹೋದ ಸೆಮಿಸ್ಟರ್‌ನಲ್ಲಿ ಲಾಜಿಸ್ಟಿಕ್ಸ್‌ನ ಒಂದು ವಿಷಯ ಆಯ್ದುಕೊಂಡಿದ್ದೆ. ಎರಡನೇ ವಾರದ ಪಾಠ ಲಿಟಲ್ ಅನ್ನುವವರ ಸೂತ್ರ. 1961ರಲ್ಲಿ ಜಾನ್ ಲಿಟಲ್ ಅದನ್ನು ಸಾಧಿಸಿ ತೋರಿಸಿದರು. ಬಾಯಿಲೆಕ್ಕದಲ್ಲೇ ಆಗುತ್ತದೆ ಅಪ್ಪಾ. ಅಂಗಳಕ್ಕೆ ಗಂಟೆಗೆ 6 ಲಾರಿ ಬರುತ್ತವೆ ಅನ್ನಿ. ಒಂದೊಂದು ಲಾರಿ 5 ಗಂಟೆ ನಿಂತು ಹೋಗುತ್ತದೆ ಅನ್ನಿ. ಆಗ ಅಂಗಳದಲ್ಲಿ ಸರಾಸರಿ 6×5, ಅಂದರೆ 30 ಲಾರಿ ಇರುತ್ತವೆ. ನಿಲ್ಲುವ ಹೊತ್ತು 3 ಗಂಟೆಗೆ ಇಳಿದರೆ 18 ಲಾರಿ. ಅಂಗಳ ಅದೇ, ಬರುವ ಲಾರಿಯೂ ಅಷ್ಟೇ. ಸುಗ್ಗಿಯಲ್ಲಿ ಗಂಜಿನಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ಜಾಗ ಸಾಲದು ಅಂತ ಎಲ್ಲರೂ ಅನ್ನುತ್ತಾರೆ. ಕಾಯುವ ಹೊತ್ತು ಕಡಿಮೆ ಮಾಡಿದರೆ ಜಾಗ ತಾನೇ ಹುಟ್ಟುತ್ತದೆ.

ಇನ್ನೊಂದು ಲೆಕ್ಕ ಕೇಳಿ. 100 ಕ್ವಿಂಟಲ್ ತೊಗರಿ, ಕ್ವಿಂಟಲ್‌ಗೆ 7,000 ಅಂತ ಇಟ್ಟುಕೊಳ್ಳಿ. 7 ಲಕ್ಷ ಆಯಿತು. ರೈತರಿಗೆ ಅಂಗಡಿಯಿಂದ ರೊಕ್ಕ ಕೊಟ್ಟಾಯಿತು, ದಾಲ್ ಮಿಲ್ಲಿನಿಂದ ಬರಬೇಕು. ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಹಿಡಿದರೂ ದಿನಕ್ಕೆ 230 ರೂಪಾಯಿ. ಮಾಲು ಮಿಲ್ಲಿಗೆ ಮುಟ್ಟಿದ ಮೇಲೆಯೇ ಅವರು ರೊಕ್ಕ ಕೊಡುವ ದಿನ ಎಣಿಸಲು ಶುರು ಮಾಡುವುದು, ಅಲ್ವಾ? ಅಂದರೆ ಲಾರಿ ಒಂದು ದಿನ ಸುಮ್ನೆ ನಿಂತರೆ 230 ರೂಪಾಯಿ ಹೋಯಿತು. ಬರೀ ಕಿರ್ದಿ ನೋಡುವವರಿಗೆ ಅದು ಬಡ್ಡಿ. ಬರೀ ಮಾಲು ನೋಡುವವರಿಗೆ ಅದು ತಡ. ಎರಡೂ ಒಂದೇ ರೊಕ್ಕ ಅಂತ ಗೊತ್ತಾಗಲು ಎರಡೂ ಪುಸ್ತಕ ತೆರೆದಿರಬೇಕು. ನಿಮಗೆ ಇದು ಮೊದಲೇ ಗೊತ್ತಿತ್ತು ಅಂತ ನನಗೆ ಈಗ ಅರ್ಥವಾಗುತ್ತಿದೆ.

ತರಗತಿಯಲ್ಲಿ ಒಂದು ಆಟ ಆಡಿಸಿದರು. ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಬಿಯರ್ ಗೇಮ್ ಅಂತ ಹೆಸರು. ಹೆಸರು ಕೇಳಿ ಗಾಬರಿಯಾಗಬೇಡ ಅವ್ವಾ, ಅದು ಬರೀ ಚೀಟಿಗಳ ಆಟ. ನಾಲ್ಕು ಜನ. ಚಿಲ್ಲರೆ ಅಂಗಡಿ, ಸಗಟು ಅಂಗಡಿ, ಅದರ ಮೇಲೆ ದೊಡ್ಡ ವಿತರಕ, ಕೊನೆಗೆ ಕಾರ್ಖಾನೆ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಚೀಟಿ ಮಾತ್ರ ಕಳಿಸಬೇಕು, ಮಾಲು ಬರಲು ವಾರಗಟ್ಟಲೆ ಬೇಕು. ನಾನು ಸಗಟು ಅಂಗಡಿ. ಮೊದಲು ನಾಲ್ಕು ನಾಲ್ಕು ಪೆಟ್ಟಿಗೆ ಕೇಳುತ್ತಿದ್ದರು, ಆಮೇಲೆ ಬೇಡಿಕೆ ಏರಿತು. ಮಾಲು ಸಾಲದೆ ನಾನು 20 ಕೇಳಿದೆ, ಬರಲಿಲ್ಲ, 30 ಕೇಳಿದೆ. ಆಮೇಲೆ ಎಲ್ಲ ಒಟ್ಟಿಗೇ ಬಂದು ಬಿತ್ತು. ಆಟ ಮುಗಿದ ಮೇಲೆ ಗಿರಾಕಿಯ ಚೀಟಿ ತೋರಿಸಿದರು. ಗಿರಾಕಿ 4ರಿಂದ 8ಕ್ಕೆ ಏರಿದ್ದು ಒಂದೇ ಸಲ. ಕೊನೆವರೆಗೂ 8. ಉಳಿದ ಏರಿಳಿತವೆಲ್ಲ ನಾವೇ ಮಾಡಿಕೊಂಡಿದ್ದು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುತ್ಯಾನ ಹೊಲವೇ ಕಣ್ಣ ಮುಂದೆ ಬರುತ್ತಿತ್ತು. ಎರಡು ವರ್ಷ ಮಳೆ ಕೈಕೊಟ್ಟು 2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಹತ್ತಿರ ಹೋಗಿತ್ತು. ಆ ರೇಟು ನೋಡಿ 2016ರಲ್ಲಿ ಎಲ್ಲರೂ ತೊಗರಿ ಬಿತ್ತಿದರು, ಮುತ್ಯಾನೂ ಬಿತ್ತಿದ. ಮಳೆಯೂ ಬಂತು, ಬೆಳೆಯೂ ಬಂತು. 2017ರ ಸುಗ್ಗಿಗೆ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ಇದ್ದರೂ ಪೇಟೆಯಲ್ಲಿ ಅಷ್ಟು ಸಿಗಲಿಲ್ಲ. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ಮುತ್ಯಾ ರಾತ್ರಿಯೆಲ್ಲ ಚಾದರ ಹೊದ್ದು ಕೂತಿದ್ದ. ನಾನು ಆಗ ಹೈಸ್ಕೂಲು. ಅದು ಮುತ್ಯಾನ ಹಣೆಬರಹ ಅಂತಲೇ ಅಂದುಕೊಂಡಿದ್ದೆ. ಆಟದಲ್ಲಿ ವಾರಗಟ್ಟಲೆ ಆಗುವ ತಡ ತೊಗರಿಯಲ್ಲಿ ಒಂದು ವರ್ಷ. ಬಿತ್ತುವವನಿಗೆ ಹೋದ ವರ್ಷದ ರೇಟು ಕಾಣುತ್ತದೆ, ಪಕ್ಕದ ತಾಲೂಕಿನವರು ಎಷ್ಟು ಬಿತ್ತಿದರು ಅನ್ನುವುದು ಕಾಣುವುದಿಲ್ಲ. ಮುತ್ಯಾನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಇದನ್ನು ಅವನಿಗೆ ಹೇಳಿ, ದಯವಿಟ್ಟು.

ಪೋರ್ಟ್ ಬಾಟನಿ ಅಂತ ಇಲ್ಲಿನ ಬಂದರು. ಅಲ್ಲಿಗೂ ಕರೆದುಕೊಂಡು ಹೋಗಿದ್ದರು. ಕಂಟೇನರ್ ಅಂದರೆ ಮಾಲು ತುಂಬುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದನ್ನು ತರುವ, ಒಯ್ಯುವ ಪ್ರತಿ ಲಾರಿಗೂ ಹೊತ್ತು ಗೊತ್ತು ಮಾಡಿರುತ್ತಾರೆ. ಲಾರಿ ತಡವಾಗಿ ಬಂದರೆ ಲಾರಿಯವರಿಗೆ ದಂಡ. ಬಂದ ಲಾರಿಯನ್ನು ಜಾಸ್ತಿ ಹೊತ್ತು ನಿಲ್ಲಿಸಿಕೊಂಡರೆ ಬಂದರಿನ ಕಂಪನಿಗೂ ದಂಡ. ಎರಡನೆಯದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ಡ್ರೈವರ್ ಕಾಯುವ ಹೊತ್ತಿಗೂ ಬೆಲೆ ಇದೆ ಅಂತ ಒಂದು ಕಡೆಯಾದರೂ ಬರೆದಿಟ್ಟಿದ್ದಾರಲ್ಲ. ಈ ಕಂಟೇನರ್ ಪದ್ಧತಿ ಬೆಳೆಸಿದ ಮಾಲ್ಕಮ್ ಮೆಕ್ಲೀನ್ ಕೂಡ ಮೊದಲು ಲಾರಿ ಓಡಿಸಿದವನೇ. 1956ರ ಏಪ್ರಿಲ್ 26ರಂದು ಅವನ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಬಿಡಿ ಮಾಲು ಹಡಗಿಗೆ ಏರಿಸಲು ಟನ್‌ಗೆ ಸುಮಾರು 5.86 ಡಾಲರ್ ಬೀಳುತ್ತಿತ್ತು, ಪೆಟ್ಟಿಗೆಯಿಂದ ಅದು 16 ಸೆಂಟ್‌ಗೆ ಇಳಿಯಿತು. ಅಂಥ 20 ಅಡಿಯ ಒಂದು ಪೆಟ್ಟಿಗೆಗೆ 24 ಟನ್ ತುಂಬಿದರೆ ನಮ್ಮ 50 ಕೆಜಿಯ 480 ಚೀಲ.

ಹ್ಯಾರಿಸ್ ಪಾರ್ಕ್ ಅಂತ ನಮ್ಮ ದೇಶದವರ ಅಂಗಡಿಗಳಿರುವ ಬಡಾವಣೆ ಇದೆ. ಅಲ್ಲಿ ತೊಗರಿ ಬೇಳೆ ತರುತ್ತೇನೆ. ಬೇಯಲು ಹೊತ್ತು ಹಿಡಿಯುತ್ತದೆ, ನಮ್ಮ ಬೇಳೆಯ ಘಮ ಇಲ್ಲ. ನಮ್ಮ ತೊಗರಿ ಬೇಳೆಗೆ 2019ರಲ್ಲೇ ಇದು ಈ ಊರಿನದೇ ಅನ್ನುವ ಜಿಐ ಗುರುತು ಸಿಕ್ಕಿದೆ. ಆದರೂ ನಾನು ಕೈಗೆತ್ತಿಕೊಂಡ ಒಂದು ಪೊಟ್ಟಣದ ಮೇಲೂ ನಮ್ಮ ಊರಿನ ಹೆಸರಿಲ್ಲ. ಪ್ರತಿ ಸಲ ತಿರುಗಿಸಿ ನೋಡುತ್ತೇನೆ. ಕಲಿತು ಬಂದು ಇದರಲ್ಲೇ ಕೆಲಸ ಮಾಡಬೇಕು ಅಂತ ನನ್ನ ಆಸೆ.

ಈಗ ರೊಕ್ಕದ ಮಾತು. ಇನ್ನೊಂದು ಸೆಮಿಸ್ಟರ್ ಫೀ ಕಟ್ಟಬೇಕು. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು, ರಜೆಯಲ್ಲಿ ಆ ಮಿತಿ ಇಲ್ಲ. ಈಗ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಫೆಬ್ರವರಿಯೊಳಗೆ ಅರ್ಧ ಫೀ ನಾನೇ ಕೂಡಿಸುತ್ತೇನೆ. ಉಳಿದ ಅರ್ಧಕ್ಕೆ ಬ್ಯಾಂಕಿನ ಸಾಲ ಹೆಚ್ಚಿಸಬೇಕು, ಅದಕ್ಕೆ ನಿಮ್ಮ ಸಹಿ ಬೇಕು. ನಿಮ್ಮ ಮನಸ್ಸಿಗೆ ಬಾರದಿದ್ದರೆ ಬೇಡ ಅನ್ನಿ. ಜೂನ್‌ಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಅವ್ವಾ, ಎಳ್ಳು ಅಮಾವಾಸ್ಯೆ ಹತ್ತಿರ ಬಂತು. ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ವಿಡಿಯೋ ಕಾಲ್ ಮಾಡಿಸು. ಇಲ್ಲಿ ನಿಮಗಿಂತ ಐದೂವರೆ ಗಂಟೆ ಮುಂದೆ, ನೀವು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಎದ್ದೇ ಇರುತ್ತೇನೆ. ಚರಗ ಚೆಲ್ಲುವುದನ್ನು ನೋಡಬೇಕು ನನಗೆ.

ಅಪ್ಪಾ, ಒಂದು ಸಣ್ಣ ಕೆಲಸ. ನನಗೆ ಅನುಮತಿ ಕೊಟ್ಟರೂ ಕೊಡದಿದ್ದರೂ ಇದನ್ನು ಮಾಡಿ. ಹಳೆ ಡೈರಿಯಲ್ಲಿ ಒಂದು ಹಾಳೆ ತೆಗೆದುಕೊಳ್ಳಿ. ಅಂಗಡಿ ಮುಂದೆ ಲಾರಿ ಬಂದ ಹೊತ್ತು, ಕಾಂಟಾದಲ್ಲಿ ತೂಕ ಆದ ಹೊತ್ತು, ತುಂಬಿ ಹೊರಟ ಹೊತ್ತು ಬರೆಯಿರಿ. ಹತ್ತು ಲಾರಿ ಸಾಕು. ತಮ್ಮ ಅದರ ಫೋಟೋ ಕಳಿಸಲಿ.

ನಿಮ್ಮ ಮಗಳು