ಪುಟ್ಟಿಗೆ, ಆ ಚೀಲದ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಎರಡೆರಡು ಸಲ ಓದಿದೆ. ಕೆಲಸ ಹೋದ ವಿಷಯ ನಿಮ್ಮಪ್ಪ ಹೇಳಿದ್ದ. ಆದರೆ ನೀನು ಕಷ್ಟದಲ್ಲಿರುವವರಿಗೆ ಸುಮ್ಮನೆ ದಿನಸಿ ಕೊಡುವ ಫುಡ್ ಬ್ಯಾಂಕಿಗೆ ಹೋಗಿ ಬಂದದ್ದು ಅವನಿಗೂ ಗೊತ್ತಿಲ್ಲ ಅಂತ ಕಾಣುತ್ತದೆ. "ಅಪ್ಪನಿಗೆ ಹೇಳಬೇಡಿ ಅತ್ತೆ" ಅಂತ ಬರೆದಿದ್ದೀಯ. ಹೇಳುವುದಿಲ್ಲ. ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು.

ಅಲ್ಲಿ ಕೊಟ್ಟ ಚೀಲ ತಂದು ಅಡುಗೆಮನೆಯಲ್ಲಿಟ್ಟು, ಒಂದು ಗಂಟೆ ಅದನ್ನು ಮುಟ್ಟದೆ ಕೂತಿದ್ದೆ ಅಂದೆಯಲ್ಲ, ಅಲ್ಲಿಗೆ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ. ನಾನೂ ಹಾಗೇ ಕೂತಿದ್ದೆ ಪುಟ್ಟಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ.

ನೀನು ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಡೆ ಮೂರು ತಿಂಗಳು ಸಂಬಳ ಕೊಡಲಿಲ್ಲ. ನಾಳೆ ನಾಳೆ ಅಂತಲೇ ದಿನ ತಳ್ಳಿ, ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿದರು. ಇದ್ದಬದ್ದ ದುಡ್ಡು ಬಾಡಿಗೆಗೆ ಹೋಯಿತು. ನಿಮ್ಮಪ್ಪನನ್ನು ಕೇಳಬಹುದಿತ್ತು. ಅವನ ಕೈಯೂ ಆಗ ಬಿಗಿಯಾಗಿತ್ತು, ನನಗೆ ಬಾಯಿಯೂ ಬರಲಿಲ್ಲ. ಪಕ್ಕದ ಮನೆಯವರೊಬ್ಬರು ಅದೂ ಇದೂ ಮಾತಾಡುತ್ತಾ ಫುಡ್ ಬ್ಯಾಂಕ್ ಎಲ್ಲಿದೆ ಅಂತ ಹೇಳಿದರು. ನನಗೇ ಹೇಳುತ್ತಿದ್ದಾರೆ ಅಂತ ಅನ್ನಿಸದ ಹಾಗೆ ಹೇಳಿದರು. ಆ ಸೂಕ್ಷ್ಮಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಹೋಗುವ ದಿನ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೆಗೆದು, ಇಸ್ತ್ರಿ ಮಾಡಿ ಹಾಕಿಕೊಂಡೆ. ಸಾಲಿನಲ್ಲಿ ತಲೆ ಎತ್ತಲೇ ಇಲ್ಲ. ನೆಲದ ಟೈಲ್ಸ್ ಎಣಿಸುತ್ತಾ ನಿಂತಿದ್ದೆ. ನನ್ನ ಸರದಿ ಬಂತು. ಮೇಜಿನ ಆ ಕಡೆ ಕೂತಿದ್ದ ಹೆಂಗಸು ಕೇಳಿದ್ದು ಮೂರೇ ಮಾತು. ಮನೆಯಲ್ಲಿ ಎಷ್ಟು ಜನ? ಚಿಕ್ಕ ಮಕ್ಕಳಿದ್ದಾರಾ? ಯಾರಿಗಾದರೂ ಆಗದ ಪದಾರ್ಥ ಇದೆಯಾ? ಯಾಕೆ ಬಂದಿರಿ ಅಂತ ಕೇಳಲಿಲ್ಲ. ಚೀಲ ಕೊಟ್ಟರು. ನಾನು ಒಂದು ಥ್ಯಾಂಕ್ಸ್ ಕೂಡ ಹೇಳದೆ ಹೊರಗೆ ಓಡಿ ಬಂದೆ.

ಮನೆಗೆ ಬಂದು, ಕತ್ತಲಾದ ಮೇಲೆ ಚೀಲ ಬಿಚ್ಚಿದೆ. ಧಾನ್ಯ, ಎಣ್ಣೆ, ಸಕ್ಕರೆ, ಸೋಪು. ತಳದಲ್ಲಿ ಎರಡು ತಗಡಿನ ಡಬ್ಬಿ. ಅದರಲ್ಲಿ ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿ ತೆರೆಯುವ ಓಪನರ್ ಕಟ್ಟಿದ್ದರು. ಹೊಸದಲ್ಲ. ಹಿಡಿ ಸ್ವಲ್ಪ ಸವೆದಿತ್ತು. ಚೆನ್ನಾಗಿ ತೊಳೆದು ಒರೆಸಿ ಕಟ್ಟಿದ್ದರು. ನನ್ನ ಮನೆಯಲ್ಲಿ ಓಪನರ್ ಇರಲಿಲ್ಲ ಪುಟ್ಟಿ. ಅದು ಅವರಿಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ಡಬ್ಬಿ ಕೊಡುವಾಗ ಯಾರೋ ಒಬ್ಬರು ಒಂದು ನಿಮಿಷ ನಿಂತು ಯೋಚಿಸಿದ್ದಾರೆ, ಇದನ್ನು ತಗೊಂಡವರು ಹೇಗೆ ತೆರೆಯುತ್ತಾರೆ ಅಂತ. ತಮ್ಮ ಮನೆಯ ಓಪನರನ್ನೇ ತೆಗೆದು ಕಟ್ಟಿದ್ದಾರೆ. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ನಾಚಿಕೆಯ ಅಳು ಅಲ್ಲ ಅದು. ನನ್ನ ಮುಖ ಕೂಡ ನೋಡದ ಒಬ್ಬರು ನನ್ನ ಅಡುಗೆಮನೆಯೊಳಗೆ ಬಂದು ನಿಂತು, ಇಲ್ಲಿ ಏನು ಕಮ್ಮಿ ಇದೆ ಅಂತ ನೋಡಿ ಹೋದ ಹಾಗಾಯಿತು.

ನೀನು ಚೀಲ ಬಿಚ್ಚುವಾಗ ಇಂಥದ್ದೇನಾದರೂ ಇತ್ತಾ? ಇನ್ನೊಮ್ಮೆ ನೋಡು. ಇದ್ದೇ ಇರುತ್ತದೆ.

ಈಗ ನೀನು ಬರೆದ ಒಂದು ಮಾತಿಗೆ ಬರುತ್ತೇನೆ. "ಇದು ಭಿಕ್ಷೆ ಅಲ್ವಾ ಅತ್ತೆ?" ಅಂತ ಕೇಳಿದ್ದೀಯ. ಅಲ್ಲ. ಯಾಕೆ ಅಲ್ಲ ಅಂತ ಹೇಳುತ್ತೇನೆ, ಗಮನ ಕೊಟ್ಟು ಓದು.

1967ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗಲ್ ಅನ್ನುವವರು ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರು ಮಾಡಿದರು. ಫುಡ್ ಬ್ಯಾಂಕ್ ಅನ್ನುವುದು ಶುರುವಾದದ್ದೇ ಅಲ್ಲಿಂದ. ಅವರು ಅದಕ್ಕೂ ಮೊದಲು ಬಡವರಿಗೆ ಊಟ ಹಾಕುವ ಒಂದು ಅಡುಗೆಮನೆಯಲ್ಲಿ ದುಡ್ಡಿಲ್ಲದೆ ದುಡಿಯುತ್ತಿದ್ದರು. ಆಗ ಒಬ್ಬ ತಾಯಿಯ ಪರಿಚಯವಾಯಿತು. ಅಂಗಡಿಗಳ ಕಸದ ತೊಟ್ಟಿಯಲ್ಲಿ ಹುಡುಕಿ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದವಳು ಅವಳು. ಬ್ಯಾಂಕಿನಲ್ಲಿ ದುಡ್ಡು ಇಟ್ಟು ಬೇಕಾದಾಗ ತೆಗೆಯುವ ಹಾಗೆ, ಬಿಸಾಡುವ ಆಹಾರವನ್ನು ಒಂದು ಕಡೆ ಇಟ್ಟು ಬೇಕಾದವರು ತಗೊಳ್ಳುವ ಹಾಗಿರಬೇಕು ಅಂತ ಅವಳೇ ಹೇಳಿದಳು. ವಾನ್ ಹೆಂಗಲ್ ಅದನ್ನು ಮಾಡಿ ತೋರಿಸಿದರು.

ನೋಡು ಪುಟ್ಟಿ, ಇದನ್ನು ಮೊದಲು ಯೋಚಿಸಿದ್ದು ಕೊಡುವವರಲ್ಲ, ತಗೊಳ್ಳುವವಳು. ಹಸಿವು ಗೊತ್ತಿದ್ದವಳ ಬುದ್ಧಿ ಅದು. ಆಮೇಲೆ 1981ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ, 1984ರಲ್ಲಿ ಪ್ಯಾರಿಸ್‌ನಲ್ಲಿ ಹೀಗೇ ಶುರುವಾಯಿತು. ಈಗ ಲೋಕದ ಎಷ್ಟೋ ದೇಶಗಳಲ್ಲಿದೆ. ನೀನು ಸಾಲಿನಲ್ಲಿ ನಿಂತಾಗ ಆ ತಾಯಿಯ ಹಿಂದೆ ನಿಂತಿದ್ದೀಯ. ಅದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ?

"ನನಗಿಂತ ಕಷ್ಟದಲ್ಲಿರುವವರ ಪಾಲು ನಾನು ತಿಂದೆನೇನೋ" ಅಂತಲೂ ಬರೆದಿದ್ದೀಯ. ಆಮೇಲೆ ನಾನೇ ಅಲ್ಲಿ ಕೆಲಸಕ್ಕೆ ನಿಂತು ಮೇಜಿನ ಆ ಕಡೆ ಕೂತಾಗ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಎಲ್ಲರೂ ತಮಗಿಂತ ಕಷ್ಟದವರನ್ನು ನೆನೆಯುತ್ತಾರೆ. ನೀನು ಉಪವಾಸ ಕೂತರೆ ಇನ್ನೊಬ್ಬರ ಹೊಟ್ಟೆ ತುಂಬುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ 60 ಶೇಕಡಾ ಹೋಗಿದ್ದು ನಮ್ಮ ನಿಮ್ಮಂಥವರ ಮನೆಗಳಿಂದಲೇ. ಅದೇ ಹೊತ್ತಿಗೆ ಸುಮಾರು 70 ಕೋಟಿ ಜನ ಹಸಿದಿದ್ದರು. ಅನ್ನ ಸಾಲದೆ ಬಂದ ಹಸಿವು ಅಲ್ಲ ಇದು. ಇರುವ ಅನ್ನ ಇರಬೇಕಾದ ಕಡೆ ಹೋಗಿಲ್ಲ. ನಿನ್ನ ಮನೆಗೆ ಬಂದ ಚೀಲ ಹೋಗಬೇಕಾದ ಕಡೆಗೇ ಹೋಗಿದೆ.

ಒಂದು ಪೊಟ್ಟಣದ ದಿನಾಂಕ ಮುಗಿದಿತ್ತು, ಮನಸ್ಸಿಗೆ ಬೇಜಾರಾಯಿತು ಅಂದೆ. ಅರ್ಥವಾಗುತ್ತದೆ. ಹಳಸಿದ್ದನ್ನು ಕೊಟ್ಟರು ಅಂತ ಅನ್ನಿಸಿರುತ್ತದೆ. ಪೊಟ್ಟಣ ತಿರುಗಿಸಿ ನೋಡು, ಏನಂತ ಬರೆದಿದೆ? ಬೆಸ್ಟ್ ಬಿಫೋರ್ ಅಂತ ಇದ್ದರೆ ಅದು ರುಚಿ, ಗರಿಗರಿ ಇವುಗಳ ಮಾತು. ಒಣ ಪದಾರ್ಥ ಆ ದಿನ ದಾಟಿದರೂ ಸಾಮಾನ್ಯವಾಗಿ ತಿನ್ನಬಹುದು. ಯೂಸ್ ಬೈ ಅಂತ ಇದ್ದರೆ ಮಾತ್ರ ಆ ದಿನ ಮೀರಬಾರದು, ಅದು ಆರೋಗ್ಯದ ಮಾತು. ಇವೆರಡನ್ನೂ ಬೇರೆ ಮಾಡುವುದಕ್ಕೇ ಅಲ್ಲಿ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಕೆಲಸ ಸಿಕ್ಕ ಮೇಲೆ ನಾನು ಅಲ್ಲಿಗೇ ವಾಪಸ್ ಹೋದೆ. ಹೇಳದೆ ಬಂದಿದ್ದ ಥ್ಯಾಂಕ್ಸ್ ಹೇಳೋಣ ಅಂತ ಹೋದದ್ದು. ಆ ಹೆಂಗಸು ನನ್ನ ಗುರುತು ಹಿಡಿಯಲಿಲ್ಲ. ನಾನು ಹೇಳಿದ್ದನ್ನು ಕೇಳಿ ನಕ್ಕು, "ಒಳ್ಳೇದಾಯ್ತು. ಸ್ವಲ್ಪ ಹೊತ್ತಿದ್ದರೆ ಆ ಪೆಟ್ಟಿಗೆ ಬಿಚ್ತೀರಾ?" ಅಂದರು. ಆವತ್ತು ಹಿಡಿದ ಪೆಟ್ಟಿಗೆ. ಆಮೇಲೆ ಎಷ್ಟೋ ವರ್ಷ ನನ್ನ ಶನಿವಾರಗಳು ಅಲ್ಲೇ ಕಳೆದವು.

ಆ ಮೇಜಿನ ಕೆಲಸ ನಿನಗೆ ಕಾಣಬೇಕು. ಪೆಟ್ಟಿಗೆಯಿಂದ ಒಂದೊಂದೇ ಡಬ್ಬಿ ಎತ್ತುತ್ತೀವಿ. ಮೊದಲು ಬೆರಳಿಂದ ಅಂಚು ಸವರುತ್ತೀವಿ. ಹೊಟ್ಟೆಯಲ್ಲಿ ಸಣ್ಣ ತಗ್ಗು ಬಿದ್ದಿದ್ದರೆ ಪರವಾಗಿಲ್ಲ. ಅಂಚಿನ ಬೆಸುಗೆಯ ಮೇಲೆ ಪೆಟ್ಟು ಬಿದ್ದಿದ್ದರೆ ಆ ಕಡೆ. ಮುಚ್ಚಳ ಉಬ್ಬಿದ್ದರೆ ಎರಡನೇ ಮಾತಿಲ್ಲ, ಬಿಸಾಡುವುದೇ. ತುಕ್ಕು ಒರೆಸಿದರೆ ಹೋಗುತ್ತದಾ ನೋಡುತ್ತೀವಿ. ಆಮೇಲೆ ದಿನಾಂಕ. ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಸಂಜೆ ಹೊತ್ತಿಗೆ ಬೆರಳ ತುದಿಯೆಲ್ಲ ಕಪ್ಪಾಗಿರುತ್ತದೆ, ಸೊಂಟ ಹಿಡಿದಿರುತ್ತದೆ. ಪಕ್ಕದಲ್ಲಿ ನಿಂತವರ ಪೂರ್ತಿ ಹೆಸರು ಕೂಡ ಎಷ್ಟೋ ಸಲ ಗೊತ್ತಿರುವುದಿಲ್ಲ. ಯಾರ ಮನೆಗೆ ಹೋಗುತ್ತದೆ ಅಂತಲೂ ಗೊತ್ತಿಲ್ಲ. ಆದರೂ ತಮ್ಮ ಮಕ್ಕಳ ತಟ್ಟೆಗೆ ಬಡಿಸುವಷ್ಟೇ ಜೋಪಾನ.

"ಯಾರಿಗೆ ಥ್ಯಾಂಕ್ಸ್ ಹೇಳಲಿ, ಯಾರಂತಲೇ ಗೊತ್ತಿಲ್ಲವಲ್ಲ" ಅಂತ ಕೇಳಿದೆಯಲ್ಲ, ಅದಕ್ಕೇ ಇಷ್ಟು ಬರೆದೆ. ತನಗೆ ಒಂದು ಕೊಳ್ಳುವಾಗ ಇನ್ನೊಂದು ಜಾಸ್ತಿ ಕೊಂಡವರು ಒಬ್ಬರು. ಗಾಡಿ ಓಡಿಸಿದವರು ಒಬ್ಬರು. ಡಬ್ಬಿ ಸವರಿದವರು ಒಬ್ಬರು. ತಣ್ಣಗಿಡುವ ಕೋಣೆಯ ಕರೆಂಟ್ ಬಿಲ್ಲಿಗೆ ದುಡ್ಡು ಕೊಟ್ಟವರೂ ಒಬ್ಬರಿದ್ದಾರೆ, ಅವರನ್ನು ಯಾರೂ ನೆನೆಯುವುದೇ ಇಲ್ಲ. ಇಷ್ಟೂ ಜನರ ಬಾಗಿಲಿಗೆ ಹೋಗಲು ನಿನಗೆ ಆಗುವುದಿಲ್ಲ. ಮುಂದಿನ ಸಲ ಹೋದಾಗ ಎದುರಿಗಿರುವವರ ಮುಖ ನೋಡಿ ಒಂದು ಮಾತು ಹೇಳು. ಸಾಕು. ನಾನು ಅವತ್ತು ಮಾಡದ್ದು ಅದೊಂದೇ.

ಕುಗ್ಗಿ ಹೇಳಬೇಡ. ನಿನ್ನ ಕಷ್ಟದ ಕಥೆಯನ್ನೆಲ್ಲ ಹೇಳಿ ಋಣ ತೀರಿಸಬೇಕಾಗಿಲ್ಲ. ಯಾರಾದರೂ ಫೋಟೋ ತೆಗೆಯುತ್ತೇನೆ ಅಂದರೆ ಬೇಡ ಅನ್ನುವ ಹಕ್ಕು ನಿನಗಿದೆ. ಕೊಡುವ ಕೈ ಕ್ಯಾಮೆರಾ ಕಡೆ ತಿರುಗುವುದು ನನಗೆ ಒಂಚೂರೂ ಇಷ್ಟವಾಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ತಗೊಳ್ಳುವವರ ಮಾನವೂ ಅದರಲ್ಲಿದೆ.

ಒಂದು ಶನಿವಾರ ಒಬ್ಬ ಹುಡುಗ ಬಂದ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಮಿಂಚುವ ಬೂಟು. ಹೊಸದಾಗಿ ಬಂದಿದ್ದ ಒಬ್ಬರು ನನ್ನ ಕಿವಿಯಲ್ಲಿ, "ಇವನಿಗೇನು ಕಮ್ಮಿ?" ಅಂದರು. ನನಗೆ ನನ್ನ ಇಸ್ತ್ರಿ ಬಟ್ಟೆ ನೆನಪಾಯಿತು. ಅವನ ಕಣ್ಣು ನೋಡಿದೆ, ನೆಲದ ಮೇಲಿತ್ತು. ಟೈಲ್ಸ್ ಎಣಿಸುತ್ತಿದ್ದ. ಅವನಿಗೂ ಅದೇ ಮೂರು ಪ್ರಶ್ನೆ ಕೇಳಿದೆ. ನೀನೂ ಒಂದು ದಿನ ಮೇಜಿನ ಈ ಕಡೆ ಬರುತ್ತೀಯ, ನನಗೆ ಗೊತ್ತು. ಆಗ ಯಾರ ಬಟ್ಟೆಯನ್ನೂ ನೋಡಿ ಅಳೆಯಬೇಡ.

ಕೊಡುವ ಕಾಲಕ್ಕೆ ಇನ್ನೆರಡು ಮಾತು, ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬೇಡವಾದದ್ದನ್ನು ಕೊಡಬೇಡ, ನೀನು ತಿನ್ನುವಂಥದ್ದನ್ನೇ ಕೊಡು. ಏನು ಬೇಕು ಅಂತ ಮೊದಲು ಕೇಳು. ಹಬ್ಬ ಹುಣ್ಣಿಮೆಗೆ ಎಲ್ಲರೂ ಕೊಡುತ್ತಾರೆ. ಅದು ಮುಗಿದ ಮೇಲೆ ಕಪಾಟು ಬರಿದಾಗುತ್ತದೆ, ಆಗ ಕೊಡು. ಹೆಂಗಸರ ಪ್ಯಾಡ್, ಮಗುವಿನ ಡೈಪರ್, ಟೂತ್‌ಪೇಸ್ಟ್ ಇವು ಜನರ ನೆನಪಿಗೆ ಬರುವುದೇ ಇಲ್ಲ. ಒಲೆ ಹಚ್ಚಲೂ ಆಗದವರಿರುತ್ತಾರೆ, ಬೇಯಿಸದೆ ತಿನ್ನುವಂಥದ್ದೂ ಇರಲಿ. ಕೈಯಲ್ಲಿ ದುಡ್ಡಿದ್ದರೆ ದುಡ್ಡೇ ಕೊಡು. ಅವರು ಸಗಟಿನಲ್ಲಿ ಕೊಳ್ಳುತ್ತಾರೆ, ನಮಗೆ ಬರುವುದಕ್ಕಿಂತ ಜಾಸ್ತಿ ಬರುತ್ತದೆ. ದುಡ್ಡಿಲ್ಲದಿದ್ದರೆ ಎರಡು ಗಂಟೆ ಹೋಗಿ ಪೆಟ್ಟಿಗೆ ಬಿಚ್ಚು.

ಆದರೆ ಈಗಲ್ಲ. ಈಗ ನೀನು ತಿನ್ನು. ಕೆಲಸ ಹುಡುಕು. ಚೆನ್ನಾಗಿ ನಿದ್ದೆ ಮಾಡು. ಬೇಕಾದರೆ ಮುಂದಿನ ವಾರವೂ ಹೋಗು. ತೀರಿಸುವ ಅವಸರದಲ್ಲಿ ಸಾಲ ಮಾಡಿ ಏನನ್ನೂ ಕೊಡಲು ಹೋಗಬೇಡ. ಅವರ ಹತ್ತಿರ ನಿನ್ನ ಹೆಸರಿನ ಲೆಕ್ಕದ ಪುಸ್ತಕ ಇಲ್ಲ. ನನಗೆ ವಾಪಸ್ ಹೋಗಲು ಎರಡು ವರ್ಷ ಹಿಡಿಯಿತು.

ಆ ಓಪನರ್ ನನ್ನ ಹತ್ತಿರ ಈಗ ಇಲ್ಲ. ಎಷ್ಟೋ ವರ್ಷ ಬಳಸಿದೆ. ಒಂದು ದಿನ ಡಬ್ಬಿಗಳನ್ನು ಜೋಡಿಸುವಾಗ ತಗೊಂಡು ಹೋಗಿ, ಹಾಗೇ ರಬ್ಬರ್ ಬ್ಯಾಂಡ್ ಹಾಕಿ ಒಂದಕ್ಕೆ ಕಟ್ಟಿ ಕಳಿಸಿದೆ. ಎಲ್ಲಿದೆಯೋ ಗೊತ್ತಿಲ್ಲ.

ಮತ್ತೆ, ಆ ಚೀಲವನ್ನು ಬಿಸಾಡಬೇಡ. ಕೊಡವಿ ಮಡಚಿಡು, ಮುಂದಿನ ಸಲ ಹೋಗುವಾಗ ವಾಪಸ್ ಕೊಡು. ಅಲ್ಲಿ ಚೀಲ ಯಾವಾಗಲೂ ಕಮ್ಮಿ ಬೀಳುತ್ತದೆ.

ಪ್ರೀತಿಯಿಂದ,
ನಿನ್ನ ಅತ್ತೆ